ಹೂಜಿಯ ಸದ್ದಿನ ಬೆನ್ನು ಹತ್ತಿ: ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್

[ಪರದೆ ಕಪ್ಪು. ‘ಯೂ ಆರ್ ಗೊನ್ನಾ ಮಿಸ್ ಮಿ’ ಹಾಡಿನ ಆರಂಭ, ಹತ್ತು ಸೆಕೆಂಡು]

ಧ್ವನಿ: ಗಿಟಾರ್ ಕೇಳಿಸ್ತು, ಡ್ರಮ್ಸ್ ಕೇಳಿಸ್ತು. ಅವುಗಳ ಹಿಂದೆ ಪಾರಿವಾಳ ಗುಟುರ್ ಗುಟುರ್ ಅಂದ ಹಾಗೆ ಇನ್ನೊಂದು ಸದ್ದು ಬಿಡದೆ ಓಡ್ತಾ ಇದೆ, ಗಮನಿಸಿದ್ರಾ? ಅದು ಸಿಂಥಸೈಜರ್ ಅಲ್ಲ, ಹೂಜಿ. ನೀರು ತುಂಬಿಡೋ ಹೂಜಿಯೇ. ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್ ಅನ್ನೋ ಈ ರಾಕ್ ಬ್ಯಾಂಡಿನಲ್ಲಿ ಯಾರು ಬಂದ್ರು, ಯಾರು ಹೋದ್ರು ಅನ್ನೋದು ಗೋಜಲಿನ ವಿಷಯ. ಆದರೆ ಆ ಹೂಜಿ ಎಲ್ಲಿ ಎಷ್ಟು ಕೇಳಿಸುತ್ತೆ ಅಂತ ಹಿಡಿದು ಹೋದರೆ ಇಡೀ ಚರಿತ್ರೆ ಕಿವಿಗೇ ಸಿಗುತ್ತೆ.

[ನಕ್ಷೆ: ಟೆಕ್ಸಸ್. ಆಸ್ಟಿನ್ ಮೇಲೆ ಚುಕ್ಕೆ]

1965ರ ಕೊನೆ, ಅಮೆರಿಕದ ಆಸ್ಟಿನ್ ನಗರ. ಲಿಂಗ್ಸ್‌ಮೆನ್ ಅನ್ನೋ ಬ್ಯಾಂಡಿನಿಂದ ಮೂವರು ಬಂದ್ರು: ಗಿಟಾರಿಗೆ ಸ್ಟೇಸಿ ಸದರ್ಲೆಂಡ್, ತಗ್ಗು ಸ್ವರದ ಬೇಸ್ ಗಿಟಾರಿಗೆ ಬೆನ್ನಿ ಥರ್ಮನ್, ಡ್ರಮ್ಸ್‌ಗೆ ಜಾನ್ ಐಕ್ ವಾಲ್ಟನ್. ಸ್ಪೇಡ್ಸ್ ಬ್ಯಾಂಡಿನಿಂದ ಬಂದವನು ಹದಿನೆಂಟರ ಹುಡುಗ ರಾಕಿ ಎರಿಕ್ಸನ್. ಅವನ ಗಂಟಲಿನ ಚೀರು ಒಮ್ಮೆ ಕೇಳಿದರೆ ಮರೆಯೋದಿಲ್ಲ. ಇವರನ್ನೆಲ್ಲ ಒಂದು ಕಡೆ ಸೇರಿಸಿದವನು ಟಾಮಿ ಹಾಲ್. ಹಾಡಿನ ಸಾಹಿತ್ಯ ಅವನದು, ತತ್ವ ಅವನದು, ಹೂಜಿಯೂ ಅವನದೇ.

ಹೆಸರಲ್ಲಿ ‘ಎಲಿವೇಟರ್ಸ್’ ಅನ್ನೋದು ಡ್ರಮ್ಮರ್ ವಾಲ್ಟನ್ ಕೊಟ್ಟಿದ್ದು. ‘ಹದಿಮೂರನೇ ಮಹಡಿ’ ಅಂತ ಸೇರಿಸಿದ್ದು ಟಾಮಿಯ ಹೆಂಡತಿ ಕ್ಲೆಮೆಂಟೈನ್. ಅಮೆರಿಕದ ಎಷ್ಟೋ ಕಟ್ಟಡಗಳಲ್ಲಿ ಅಪಶಕುನ ಅಂತ 13ನೇ ಮಹಡಿಯ ಸಂಖ್ಯೆಯನ್ನೇ ಬಿಟ್ಟುಬಿಡ್ತಾರೆ. ಇಲ್ಲದ ಮಹಡಿಗೆ ಹೋಗೋ ಲಿಫ್ಟ್ ಇದು. ಇಂಗ್ಲಿಷ್ ವರ್ಣಮಾಲೆಯ ಹದಿಮೂರನೇ ಅಕ್ಷರ ಎಮ್, ಮರಿಹುವಾನಾ ಅಂದರೆ ಗಾಂಜಾದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಅದೂ ಲೆಕ್ಕದಲ್ಲಿತ್ತು.

[ಹತ್ತಿರದ ದೃಶ್ಯ: ಹೂಜಿಯ ಬಾಯಿ, ಪಕ್ಕದಲ್ಲಿ ಮೈಕ್]

ಈಗ ಹೂಜಿ. ನಮ್ಮ ಘಟದ ಹಾಗೆ ತಟ್ಟಿ ನುಡಿಸೋದಲ್ಲ ಇದು. ಅಮೆರಿಕದ ಹಳೆಯ ಜಗ್ ಬ್ಯಾಂಡುಗಳಲ್ಲಿ, ಅಂದರೆ ಹೂಜಿ ಬ್ಯಾಂಡುಗಳಲ್ಲಿ, ತುಟಿ ಅದುರಿಸಿ ಊದಿ, ಟ್ಯೂಬಾ ಅನ್ನೋ ದೊಡ್ಡ ಊದುವಾದ್ಯದಂಥ ಗಡಸು ಸ್ವರ ತೆಗೀತಿದ್ರು. ಟಾಮಿ ಅದನ್ನೂ ಮಾಡಲಿಲ್ಲ. ಬಾಯಿಂದ ಚಿಕ್ಕ ಚಿಕ್ಕ ಸ್ವರಗಳನ್ನು ಸರಸರನೆ ಹೂಜಿಯೊಳಕ್ಕೆ ಹಾಡಿದ. ಹೂಜಿ ಅವನ ದನಿಗೆ ಪ್ರತಿಧ್ವನಿ ಕೊಟ್ಟು, ಒರಟು ಮಾಡಿ ಹೊರಗೆ ಕಳಿಸ್ತಿತ್ತು. ವೇದಿಕೆಯಲ್ಲಿ ಮೈಕನ್ನು ಹೂಜಿಯ ಬಾಯಿಗೇ ಹಿಡಿದುಕೊಳ್ತಿದ್ದ.

ಪ್ರಯೋಗ ಮಾಡೋ ಆಸೆ ಇದ್ದರೆ ಕಿರಿದಾದ ಬಾಯಿಯ, ದಪ್ಪ ಗೋಡೆಯ ಖಾಲಿ ಹೂಜಿ ತಗೊಳ್ಳಿ. ಮೊದಲು ‘ಊ’ ಅಂತ ಕೆಳಗಿನಿಂದ ಮೇಲಕ್ಕೆ ಸ್ವರ ಏರಿಸಿ. ಒಂದು ಜಾಗದಲ್ಲಿ ಹೂಜಿ ತಾನೇ ಗುಂಯ್ ಅನ್ನುತ್ತೆ. ಅದರ ಸ್ವಂತ ಸ್ವರ ಅದು. ಆ ಸ್ವರದ ಆಚೀಚೆ ‘ಬುಡುಬುಡು’ ಅಂತ ಬೇಗ ಬೇಗ ಹಾಡಿ. ಉಸಿರು ಜಾಸ್ತಿಯಾದರೆ ಬರೀ ಗಾಳಿ ಸದ್ದು ಬರುತ್ತೆ, ದನಿ ಮುಳುಗಿಹೋಗುತ್ತೆ. ಮೈಕನ್ನು ಒಳಗೇ ಇಳಿಸಿದರೆ ಸದ್ದು ದುಂಡಗಾಗುತ್ತೆ, ಆದರೆ ಸ್ಪೀಕರ್ ಜೋರಾಗಿದ್ದರೆ ಕೂಡಲೇ ಕುಂಯ್ ಅಂತ ಕೂಗಿಕೊಳ್ಳುತ್ತೆ. ಹೂಜಿಯ ಸ್ವಂತ ಸ್ವರ ಸ್ಪೀಕರಿಂದ ಮತ್ತೆ ಮೈಕಿಗೆ ಬಂದು ಸುತ್ತು ಹೊಡೆಯುತ್ತೆ, ಅದಕ್ಕೆ. ಸ್ಟುಡಿಯೋದಲ್ಲಿ ಈ ತೊಂದರೆ ಇಲ್ಲ. ಎರಡನೇ ಆಲ್ಬಮ್ಮಿಗೆ ಇವರು ಮೈಕನ್ನು ಹೂಜಿಯೊಳಗೇ ಇಟ್ಟು ಧ್ವನಿಮುದ್ರಿಸಿದ್ದು ಹಾಗೆ.

[ಮೊದಲ ಆಲ್ಬಮ್ಮಿನ ಮುಖಪುಟ: ಕಣ್ಣು, ಪಿರಮಿಡ್]

‘ಯೂ ಆರ್ ಗೊನ್ನಾ ಮಿಸ್ ಮಿ’ ರಾಕಿಯ ರಚನೆ. ಸ್ಪೇಡ್ಸ್ ಜೊತೆ ಅದಾಗಲೇ ಒಮ್ಮೆ ಮುದ್ರಿಸಿದ್ದ. ಎಲಿವೇಟರ್ಸ್ 1966ರಲ್ಲಿ ಹೂಸ್ಟನ್‌ನಲ್ಲಿ ಮತ್ತೆ ಮುದ್ರಿಸಿದ್ರು. ಹೊರತಂದಿದ್ದು ಮೊದಲು ಕಾಂಟ್ಯಾಕ್ಟ್ ಅನ್ನೋ ಪುಟ್ಟ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಆಮೇಲೆ ಇಂಟರ್‌ನ್ಯಾಷನಲ್ ಆರ್ಟಿಸ್ಟ್ಸ್. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 55ನೇ ಸ್ಥಾನ. ಇವರ ಹಾಡು ಅದಕ್ಕಿಂತ ಮೇಲೆ ಮತ್ತೆಂದೂ ಹೋಗಲಿಲ್ಲ. ಅಷ್ಟರಲ್ಲಿ ಬೆನ್ನಿ ಥರ್ಮನ್ ಹೊರಗೆ, ಬೇಸ್‌ಗೆ ರಾನಿ ಲೆದರ್‌ಮನ್ ಒಳಗೆ. ಅದೇ ವರ್ಷ ಮೊದಲ ಆಲ್ಬಮ್ ಬಂತು. ಹೆಸರಲ್ಲೇ ‘ಸೈಕೆಡೆಲಿಕ್’, ಅಂದರೆ ಮಾದಕ ವಸ್ತು ತರೋ ಭ್ರಮೆಯಂಥದ್ದು, ಅಂತ ಬರೆದುಕೊಂಡ ಮೊದಲ ರಾಕ್ ಆಲ್ಬಮ್ಮುಗಳಲ್ಲಿ ಇದೊಂದು. ಇದರಲ್ಲಿ ಹೂಜಿ ಹಾಡಿನುದ್ದಕ್ಕೂ ಇದೆ, ಕೆಲವು ಕಡೆ ರಾಕಿಯ ದನಿಯನ್ನೇ ತಳ್ಳುವಷ್ಟು. ಅದರ ಅಡಿಯಲ್ಲಿ ಸದರ್ಲೆಂಡ್‌ನ ಗಿಟಾರ್, ಬಾವಿಯ ತಳದಿಂದ ಬಂದ ಹಾಗೆ, ರಿವರ್ಬ್ ಅನ್ನೋ ಪ್ರತಿಧ್ವನಿಯಲ್ಲಿ ಅದ್ದಿದ್ದು. ಗ್ಯಾರೇಜ್ ರಾಕ್ ಅಂದರೆ ಮೂರು ಕಾರ್ಡು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು), ಒರಟು ಸದ್ದು, ಹುರುಪು. ಆ ಅಡಿಪಾಯವನ್ನು ಬಿಡದೆ ಅದರ ಮೇಲೆ ಮಂಜು ಹಬ್ಬಿಸಿದವನು ಸದರ್ಲೆಂಡ್. ಅವನಿಗೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ.

ಆ ವರ್ಷ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದ ಅವಲಾನ್ ಬಾಲ್‌ರೂಮಿನಲ್ಲಿ ನುಡಿಸಿದ್ರು. ಟಿವಿಯ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ನಲ್ಲೂ ಕಾಣಿಸಿಕೊಂಡ್ರು.

[ಪರದೆಯಲ್ಲಿ: 1967]

ಒಡಕು ಇಲ್ಲಿ. ಭ್ರಮೆ ಹುಟ್ಟಿಸೋ ಮಾದಕ ವಸ್ತು ಎಲ್‌ಎಸ್‌ಡಿ ತಗೊಂಡೇ ನುಡಿಸಬೇಕು, ಅದೇ ಜ್ಞಾನದ ದಾರಿ ಅನ್ನೋದು ಟಾಮಿಯ ಹಟ. ವಾಲ್ಟನ್‌ಗೆ ಅದು ಒಪ್ಪಿಗೆ ಇರಲಿಲ್ಲ. ಲೇಬಲ್ ಜೊತೆ ವ್ಯವಹಾರದ ಜಗಳ ಬೇರೆ. ವಾಲ್ಟನ್ ಮತ್ತು ಲೆದರ್‌ಮನ್ ಇಬ್ಬರೂ ಹೊರಟುಹೋದ್ರು. ಡ್ರಮ್ಸ್‌ಗೆ ಡ್ಯಾನಿ ಥಾಮಸ್, ಬೇಸ್‌ಗೆ ಡ್ಯಾನ್ ಗಲಿಂಡೋ ಬಂದ್ರು. ಹೊಸ ತಾಳದ ಜೋಡಿಯ ಮೇಲೆ ಹುಟ್ಟಿದ್ದು ಎರಡನೇ ಆಲ್ಬಮ್ ‘ಈಸ್ಟರ್ ಎವ್ರಿವೇರ್’. ನಮ್ಮ ಪ್ರಕಾರ ಇವರ ಅತ್ಯುತ್ತಮ ಕೆಲಸ ಇದೇ. ಮೊದಲ ಹಾಡು ‘ಸ್ಲಿಪ್ ಇನ್‌ಸೈಡ್ ದಿಸ್ ಹೌಸ್’ ಸುಮಾರು ಎಂಟು ನಿಮಿಷ. ಗಲಿಂಡೋ ಬೇಸ್ ಒಂದೇ ಸಮನೆ ಸುತ್ತುತ್ತೆ, ಹೂಜಿ ಮುನ್ನುಗ್ಗದೆ ಆ ಸುತ್ತಿನೊಳಗೆ ಕೂತಿದೆ. ಮೊದಲ ಆಲ್ಬಮ್ ಕೇಳಿದ ತಕ್ಷಣ ಇದನ್ನು ಹಾಕಿ, ವ್ಯತ್ಯಾಸ ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ.

1968ರ ‘ಲೈವ್’ ಆಲ್ಬಮ್ ಕೊಳ್ಳೋ ಮುಂಚೆ ಒಂದು ಎಚ್ಚರಿಕೆ: ಅದು ಲೈವ್ ಅಲ್ಲ. ಸ್ಟುಡಿಯೋದಲ್ಲಿ ಉಳಿದಿದ್ದ ಹಳೆಯ ಮುದ್ರಣಗಳಿಗೆ ಲೇಬಲ್ ಚಪ್ಪಾಳೆ ಅಂಟಿಸಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಜನರ ಗದ್ದಲ ಒಂದು ಜಾಗದ್ದು, ವಾದ್ಯಗಳ ಸದ್ದು ಇನ್ನೊಂದು ಕೋಣೆಯದು. ಎರಡೂ ಬೆರೆಯೋದೇ ಇಲ್ಲ.

[ಸಂಗೀತ ನಿಲ್ಲುತ್ತದೆ]

ಅದೇ ವರ್ಷ ರಾಕಿಯ ಮನಸ್ಸು ಕುಸೀತು. ಸ್ಯಾನ್ ಆಂಟೋನಿಯೋದ ಹೆಮಿಸ್‌ಫೇರ್ ಮೇಳದಲ್ಲಿ ಅವನ ಮಾತು ಅರ್ಥ ಕಳೆದುಕೊಳ್ತು. ಸ್ಕಿಜೋಫ್ರೇನಿಯಾ ಅಂದ್ರು, ವಿದ್ಯುತ್ ಶಾಕ್ ಚಿಕಿತ್ಸೆ ಕೊಟ್ರು. 1969ರಲ್ಲಿ ಒಂದೇ ಒಂದು ಗಾಂಜಾ ಸಿಗರೇಟಿಗೆ ಬಂಧನ. ಜೈಲು ತಪ್ಪಿಸಿಕೊಳ್ಳಲು ಮತಿಭ್ರಮಣೆ ಅಂತ ವಾದಿಸಿದ್ದರಿಂದ, ಕೊನೆಗೆ ರಸ್ಕ್ ಸರ್ಕಾರಿ ಆಸ್ಪತ್ರೆಯಲ್ಲಿ 1972ರವರೆಗೆ ಇರಬೇಕಾಯ್ತು.

ಹೀಗಾಗಿ 1969ರ ‘ಬುಲ್ ಆಫ್ ದ ವುಡ್ಸ್’ ಬಹುಮಟ್ಟಿಗೆ ಸದರ್ಲೆಂಡ್‌ನ ಆಲ್ಬಮ್. ಲೆದರ್‌ಮನ್ ಬೇಸ್‌ಗೆ ಮರಳಿದ್ದಾನೆ. ರಾಕಿ ಕೆಲವೇ ಹಾಡುಗಳಲ್ಲಿದ್ದಾನೆ. ಅಲ್ಲಲ್ಲಿ ಹಿತ್ತಾಳೆಯ ಊದುವಾದ್ಯ ಬಂದಿದೆ, ಹೂಜಿ ಹೆಚ್ಚುಕಡಿಮೆ ಮಾಯ. ಬ್ಯಾಂಡು ಮುಗಿದಿದೆ ಅಂತ ಯಾರೂ ಹೇಳಬೇಕಾಗಿಲ್ಲ.

1972ರಲ್ಲಿ ‘ನಗೆಟ್ಸ್’ ಅನ್ನೋ ಸಂಕಲನಕ್ಕೆ ‘ಯೂ ಆರ್ ಗೊನ್ನಾ ಮಿಸ್ ಮಿ’ ಸೇರಿತು. ಹೊಸ ತಲೆಮಾರಿನವರಿಗೆ ಈ ಬ್ಯಾಂಡಿನ ದಾರಿ ತೋರಿಸಿದ್ದು ಬಹುಪಾಲು ಆ ಸಂಕಲನವೇ. 1978ರಲ್ಲಿ ಸದರ್ಲೆಂಡ್ ಹೂಸ್ಟನ್‌ನಲ್ಲಿ ಗುಂಡೇಟಿಗೆ ಬಲಿಯಾದ.

[ವೇದಿಕೆಯ ಬೆಳಕು. ಪರದೆಯಲ್ಲಿ: ಆಸ್ಟಿನ್, ಮೇ 2015]

ಇವರ ‘ಲೆವಿಟೇಶನ್’ ಹಾಡಿನ ಹೆಸರನ್ನೇ ಇಟ್ಟುಕೊಂಡ ಉತ್ಸವ ಅದು. ರಾಕಿ, ವಾಲ್ಟನ್, ಲೆದರ್‌ಮನ್ ಮತ್ತೆ ಒಂದೇ ವೇದಿಕೆಯಲ್ಲಿ. ನಾಲ್ಕು ವರ್ಷಕ್ಕೆ, 2019ರ ಮೇ 31ರಂದು, ರಾಕಿ ತೀರಿಕೊಂಡ. ಆದರೆ ಉತ್ಸವದ ಆ ರಾತ್ರಿ ಅವನು ಹಾಡ್ತಾ ಇದ್ದ. ಪಕ್ಕದಲ್ಲಿ ಟಾಮಿ ಹಾಲ್, ಕೈಯಲ್ಲಿ ಹೂಜಿ.

[ಹೂಜಿಯ ಸದ್ದು ಮಾತ್ರ, ಐದು ಸೆಕೆಂಡು. ಕತ್ತಲು]