ಹೊಟ್ಟೆ ಕೆಟ್ಟವರ ಲೆಕ್ಕ

(ದೃಶ್ಯ: ಅಡುಗೆಮನೆಯ ಕಟ್ಟೆ. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ನಾಲ್ಕು ಉದ್ದಿನ ವಡೆ. ನಿರೂಪಕಿ ಕ್ಯಾಮೆರಾ ನೋಡಿ ಮಾತನಾಡುತ್ತಾರೆ.)

ನಮಸ್ಕಾರ. ಹೋದ ವರ್ಷ ನಮ್ಮ ದೊಡ್ಡಮ್ಮನ ಮನೆಯ ಗೃಹಪ್ರವೇಶವಾಯಿತು. ಮಧ್ಯಾಹ್ನ ಬಾಳೆಎಲೆ ಊಟ, ರಾತ್ರಿ ಉಳಿದ ನೆಂಟರಿಗೆ ಲಘುವಾಗಿ ಒಂದು ಪಂಕ್ತಿ. ಮರುದಿನ ಬೆಳಗಿನ ಜಾವದಿಂದ ಒಬ್ಬೊಬ್ಬರೇ ಹಾಸಿಗೆ ಹಿಡಿದೆವು. ವಾಂತಿ, ಭೇದಿ, ಹೊಟ್ಟೆ ನುಲಿತ. ಕಾರಣಗಳಿಗೇನೂ ಬರವಿರಲಿಲ್ಲ. ಚಿಕ್ಕಪ್ಪನ ಪ್ರಕಾರ ಬಿಸಿಲು. ಅತ್ತೆಯ ಪ್ರಕಾರ ನೀರು ಬದಲಾದದ್ದು. ದೊಡ್ಡಮ್ಮನ ಪ್ರಕಾರ ಹೊಸ ಮನೆಗೆ ತಗುಲಿದ ದೃಷ್ಟಿ. ಶುಂಠಿ ಕಷಾಯ, ಓಆರ್‌ಎಸ್, ಮೆಡಿಕಲ್ ಅಂಗಡಿಯವನು ಕೊಟ್ಟ ಮಾತ್ರೆ, ಇಷ್ಟರಲ್ಲಿ ಮೂರನೆಯ ದಿನಕ್ಕೆ ಎಲ್ಲರೂ ಎದ್ದು ಓಡಾಡಿದರು. ಒಟ್ಟು ಎಷ್ಟು ಮಂದಿ ಮಲಗಿದ್ದರು ಎಂದು ಯಾರೂ ಎಣಿಸಲಿಲ್ಲ.

ಆ ಎಣಿಕೆಯ ಬಗ್ಗೆಯೇ ಈ ವಿಡಿಯೋ. ಅದಕ್ಕಾಗಿ ಮೊದಲು ಅಮೆರಿಕಕ್ಕೆ, 1993ರ ಜನವರಿಗೆ ಹೋಗಬೇಕು.

(ದೃಶ್ಯ: ಅಮೆರಿಕದ ನಕ್ಷೆ. ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯ ಬಣ್ಣಗೂಡುತ್ತದೆ.)

ಇದು ರಾಜಧಾನಿ ವಾಷಿಂಗ್ಟನ್ ಅಲ್ಲ, ದೇಶದ ಇನ್ನೊಂದು ತುದಿಯ ರಾಜ್ಯ. ಇಲ್ಲಿನ ಸಿಯಾಟಲ್ ನಗರದ ಮಕ್ಕಳ ಆಸ್ಪತ್ರೆಗೆ ಆ ಚಳಿಗಾಲದಲ್ಲಿ ರಕ್ತಭೇದಿಯ ಮಕ್ಕಳು ಬರತೊಡಗಿದರು. ಕೆಲವರ ಮೂತ್ರಪಿಂಡ ಕೈಕೊಡುತ್ತಿತ್ತು. ವರ್ಷಕ್ಕೆ ಅಲ್ಲೊಂದು ಇಲ್ಲೊಂದು ಕಾಣುವ ಕಾಯಿಲೆ ಕೆಲವೇ ದಿನಗಳಲ್ಲಿ ಸಾಲುಗಟ್ಟಿ ಬಂದದ್ದನ್ನು ಕಂಡು ವೈದ್ಯರು ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಇಲಾಖೆಯವರು ಮನೆಯವರನ್ನು ಕೇಳಿದ್ದು ಒಂದೇ ಮಾತು: ಮಗು ಎಲ್ಲಿ, ಏನು ತಿಂದಿತು? ಹೆಚ್ಚಿನವರ ಉತ್ತರವೂ ಒಂದೇ. ಜ್ಯಾಕ್ ಇನ್ ದ ಬಾಕ್ಸ್ ಎಂಬ ಸರಣಿ ಹೋಟೆಲಿನ ಹ್ಯಾಂಬರ್ಗರ್.

ಕಾಯಿಲೆ ತಂದದ್ದು ಇ. ಕೊಲೈ ಓ157:ಎಚ್7 ಎಂಬ ಬ್ಯಾಕ್ಟೀರಿಯಾ. ಹೆಸರು ಕಾರಿನ ನಂಬರ್ ಪ್ಲೇಟಿನಂತಿದೆ, ಕ್ಷಮಿಸಿ, ಚಿಕ್ಕ ಹೆಸರಿಲ್ಲ. ಇದು ದನದ ಕರುಳಿನಲ್ಲಿ ತೊಂದರೆ ಕೊಡದೆ ಇರುತ್ತದೆ. ಕಸಾಯಿಖಾನೆಯಲ್ಲಿ ಸಗಣಿಯ ಸೋಂಕು ಮಾಂಸಕ್ಕೆ ತಗುಲಿದರೆ ಅದರ ಮೇಲೆ ಕೂರುತ್ತದೆ. ಮನುಷ್ಯನ ಹೊಟ್ಟೆ ಸೇರಿದರೆ ಅದು ಬಿಡುವ ವಿಷ ಕೆಂಪು ರಕ್ತಕಣಗಳನ್ನು ಒಡೆಯಬಹುದು, ಮೂತ್ರಪಿಂಡವನ್ನು ಕೆಡಿಸಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು.

(ದೃಶ್ಯ: ನಿರೂಪಕಿ ವಡೆಯನ್ನು ಎರಡಾಗಿ ಮುರಿಯುತ್ತಾರೆ. ಹತ್ತಿರದಿಂದ: ಹೊರಗೆ ಹೊಂಬಣ್ಣ, ನಡುವೆ ಅಂಟುವ ಬಿಳಿ ಹಿಟ್ಟು.)

ಈ ವಡೆ ನೋಡಿ. ಎಣ್ಣೆ ಜೋರಾಗಿ ಕಾದಿತ್ತು, ನನಗೆ ಅವಸರ. ಹೊರಗೆ ಗರಿಗರಿ, ಒಳಗೆ ಹಸಿ. ಇಡೀ ಮಾಂಸದ ತುಂಡಾದರೆ ಬ್ಯಾಕ್ಟೀರಿಯಾ ಹೊರಮೈಯಲ್ಲಿಯೇ ಇರುತ್ತದೆ, ಕಾದ ಹಂಚು ತಗುಲಿದೊಡನೆ ಸಾಯುತ್ತದೆ. ಆದರೆ ಹ್ಯಾಂಬರ್ಗರ್ ಎಂದರೆ ಖೀಮಾ. ಅರೆಯುವಾಗ ಹೊರಗಿನದೆಲ್ಲ ಒಳಗೆ ಹೋಗುತ್ತದೆ. ಎಷ್ಟೋ ದನಗಳ ಮಾಂಸ ಒಂದೇ ಯಂತ್ರದಲ್ಲಿ ಬೆರೆಯುತ್ತದೆ. ಈ ಪ್ರಕರಣದಲ್ಲೂ ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಒಂದು ಕಸಾಯಿಖಾನೆಯಲ್ಲ, ಹಲವು. ಅಂಥ ಖೀಮಾದ ಬಿಲ್ಲೆಯ ನಡುಭಾಗ ಹಸಿ ಉಳಿದರೆ ಈ ವಡೆಯ ಕಥೆಯೇ. ವಾಷಿಂಗ್ಟನ್ ರಾಜ್ಯದ ನಿಯಮ ನಡುಭಾಗ 155 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 68 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎನ್ನುತ್ತಿತ್ತು. ಕೇಂದ್ರದ ಮಾನದಂಡ 140, ಅಂದರೆ 60 ಡಿಗ್ರಿ ಸೆಲ್ಸಿಯಸ್. ಹೋಟೆಲು ಹಿಡಿದದ್ದು ಎರಡನೆಯದನ್ನು.

(ಪರದೆಯ ಮೇಲೆ: ನಾಲ್ಕು ರಾಜ್ಯಗಳು. 700ಕ್ಕೂ ಹೆಚ್ಚು ರೋಗಿಗಳು. ನಾಲ್ಕು ಮಕ್ಕಳ ಸಾವು.)

ಬದುಕುಳಿದವರಲ್ಲಿ ಎಷ್ಟೋ ಮಂದಿಗೆ ಮೂತ್ರಪಿಂಡದ, ಮಿದುಳಿನ ಶಾಶ್ವತ ತೊಂದರೆ ಉಳಿಯಿತು. ಸುದ್ದಿಯಲ್ಲಿ ಬರುವುದು ಇಷ್ಟೇ. ಇದೇ ಹೋಟೆಲಿನ ಇದೇ ಮಾಂಸ ನೆವಾಡಾ ರಾಜ್ಯದ ಲಾಸ್ ವೇಗಸ್‌ಗೂ ಹೋಗಿತ್ತು. ಅಲ್ಲಿ ಏನಾಯಿತು ಎನ್ನುವುದನ್ನು ಹೇಳುವವರು ಕಡಿಮೆ. ನನಗೆ ಇಡೀ ಪ್ರಕರಣದಲ್ಲಿ ಅದೇ ಮುಖ್ಯ ಎನಿಸುತ್ತದೆ.

(ದೃಶ್ಯ: ಎರಡು ಪೆಟ್ರಿ ತಟ್ಟೆಗಳ ಚಿತ್ರ. ಒಂದರಲ್ಲಿ ಗುಲಾಬಿ ಚುಕ್ಕೆಗಳು, ಇನ್ನೊಂದರಲ್ಲಿ ಬಣ್ಣವಿಲ್ಲದ ಚುಕ್ಕೆಗಳು.)

ಎಲ್ಲರ ಕರುಳಿನಲ್ಲೂ ಇ. ಕೊಲೈ ಇದ್ದೇ ಇರುತ್ತದೆ, ಹೆಚ್ಚಿನವು ನಿರುಪದ್ರವಿಗಳು. ಅವುಗಳ ನಡುವೆ ಈ ಕೇಡಿಯನ್ನು ಗುರುತಿಸುವುದು ಹೇಗೆ? ಸಾರ್ಬಿಟಾಲ್ ಎಂಬ ಒಂದು ಬಗೆಯ ಸಕ್ಕರೆ ಬೆರೆಸಿದ ತಟ್ಟೆಯಲ್ಲಿ ರೋಗಿಯ ಮಲದ ಮಾದರಿಯನ್ನು ಬೆಳೆಸುತ್ತಾರೆ. ಸಾಮಾನ್ಯ ಇ. ಕೊಲೈ ಆ ಸಕ್ಕರೆಯನ್ನು ಬಳಸಿಕೊಂಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಓ157ಕ್ಕೆ ಅದನ್ನು ಬಳಸಲು ಬರುವುದಿಲ್ಲ, ಬಣ್ಣವಿಲ್ಲದೆ ಉಳಿಯುತ್ತದೆ. ಅಷ್ಟೇ. ರಾಕೆಟ್ ವಿಜ್ಞಾನವೇನೂ ಅಲ್ಲ, ಬೇಕಾದದ್ದು ಒಂದು ತಟ್ಟೆ, ಮತ್ತು ಅದನ್ನು ಬಳಸಬೇಕೆಂಬ ಕಟ್ಟಳೆ. ವಾಷಿಂಗ್ಟನ್ ರಾಜ್ಯ 1987ರಲ್ಲಿಯೇ ಈ ಸೋಂಕನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಆದ್ದರಿಂದ ಅಲ್ಲಿ ವಾರದೊಳಗೆ ಮೂಲ ಸಿಕ್ಕಿತು. ಸುಮಾರು ಎರಡೂವರೆ ಲಕ್ಷ ಬಿಲ್ಲೆಗಳು ಹೋಟೆಲುಗಳಿಂದ ಹಿಂದಕ್ಕೆ ಹೋದವು. ಇನ್ನೂ ಸುಮಾರು 800 ಮಂದಿ ಕಾಯಿಲೆ ಬೀಳುವುದು ಇದರಿಂದ ತಪ್ಪಿತು ಎಂದು ಅಧ್ಯಯನಕಾರರು ಅಂದಾಜಿಸಿದರು.

ಲಾಸ್ ವೇಗಸ್‌ನ ಪ್ರಯೋಗಾಲಯಗಳಲ್ಲಿ ಆ ತಟ್ಟೆಯ ಬಳಕೆ ಇರಲಿಲ್ಲ. ಅಲ್ಲಿಯೂ ಜನರಿಗೆ ರಕ್ತಭೇದಿಯಾಗಿತ್ತು, ಆಸ್ಪತ್ರೆಗೂ ಸೇರಿದ್ದರು. ಆದರೆ ಯಾರ ಮಾದರಿಯಲ್ಲೂ ಆ ಬ್ಯಾಕ್ಟೀರಿಯಾ "ಇರಲಿಲ್ಲ". ಉತ್ತರದಿಂದ ಸುದ್ದಿ ಬಂದ ಮೇಲೆ, ಆರೋಗ್ಯ ಇಲಾಖೆ ಪ್ರಕಟಣೆ ಕೊಟ್ಟು ವಿಚಾರಿಸಿದಾಗ, ಲಕ್ಷಣಗಳು ಹೊಂದಿಕೆಯಾದ 58 ಮಂದಿ ಸಿಕ್ಕರು. ಅಲ್ಲಿಯವರೆಗೆ ಅವರು ಯಾವ ಲೆಕ್ಕದಲ್ಲೂ ಇರಲಿಲ್ಲ.

(ದೃಶ್ಯ: ನಿರೂಪಕಿ ಕುರ್ಚಿಯಲ್ಲಿ.)

ಈಗ ಜನರ ಹೋರಾಟಕ್ಕೆ ಬರೋಣ. ಮಗುವನ್ನು ಕಳೆದುಕೊಂಡವರಿಗೆ, ಮಗುವಿನ ಡಯಾಲಿಸಿಸ್‌ಗೆ ಕಾದು ಕುಳಿತವರಿಗೆ ಆಗ ಸಿಗುತ್ತಿದ್ದ ಸಾಂತ್ವನ ಏನು ಗೊತ್ತೇ? "ಹಸಿ ಮಾಂಸದಲ್ಲಿ ಬ್ಯಾಕ್ಟೀರಿಯಾ ಸಹಜ, ಚೆನ್ನಾಗಿ ಬೇಯಿಸಬೇಕು" ಎಂಬುದು. ಇದು ಬರೀ ಉದ್ಯಮದ ಮಾತಾಗಿರಲಿಲ್ಲ, ಸರ್ಕಾರದ ನಿಲುವೂ ಆಗಿತ್ತು. ಮಾಂಸದ ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಿ ಎಂದು ಸಾರ್ವಜನಿಕ ಆರೋಗ್ಯ ಸಂಘಟನೆಯೊಂದು ಕೋರ್ಟಿಗೆ ಹೋಗಿದ್ದಾಗ, 1974ರಲ್ಲಿ ಬಂದ ತೀರ್ಪಿನ ಸಾರ ಹೀಗಿತ್ತು: ಅಮೆರಿಕದ ಗೃಹಿಣಿಯರು ಅಜ್ಞಾನಿಗಳೂ ಅಲ್ಲ, ದಡ್ಡರೂ ಅಲ್ಲ, ಬೇಯಿಸುವ ವಿದ್ಯೆ ಅವರಿಗೆ ಗೊತ್ತಿದೆ. ಕೇಳಲು ಹೊಗಳಿಕೆ. ತಾತ್ಪರ್ಯ ಮಾತ್ರ, ಏನಾದರೂ ಆದರೆ ತಪ್ಪು ಒಲೆಯ ಮುಂದೆ ನಿಂತವಳದು. ಈ ಹೊಗಳಿಕೆಯ ರುಚಿ ನಮ್ಮ ಅಡುಗೆಮನೆಗಳಿಗೂ ಹೊಸತಲ್ಲ.

ಮಾಂಸ ತಪಾಸಣೆಯೋ, 1906ರ ಕಾನೂನಿನ ಕಾಲದಿಂದ ಕಣ್ಣು, ಕೈ, ಮೂಗಿನ ಮೇಲೆಯೇ ನಡೆದಿತ್ತು. ಓ157ಕ್ಕೆ ನೋಟವೂ ಇಲ್ಲ, ನಾತವೂ ಇಲ್ಲ. ಅದು ರೋಗಕಾರಕ ಎಂದು ಗೊತ್ತಾಗಿದ್ದೇ 1982ರಲ್ಲಿ, ಅದೂ ಹ್ಯಾಂಬರ್ಗರ್ ತಿಂದವರಿಂದಲೇ. ಗೊತ್ತಾದ ಮೇಲೂ ಹನ್ನೊಂದು ವರ್ಷ ಅದೇ ಮೂಗು ಮುಂದುವರಿಯಿತು.

1993ರಲ್ಲಿ ಆ ತಂದೆತಾಯಂದಿರು ಸೇರಿ ಒಂದು ಸಂಘ ಕಟ್ಟಿದರು. ಇಂದು ಅದರ ಹೆಸರು ಸ್ಟಾಪ್ ಫುಡ್‌ಬಾರ್ನ್ ಇಲ್‌ನೆಸ್. ಚಿಕಾಗೊದ ನ್ಯಾನ್ಸಿ ಡಾನ್ಲಿ ಅವರ ಆರು ವರ್ಷದ ಮಗ ಇದೇ ಬ್ಯಾಕ್ಟೀರಿಯಾದಿಂದ ಅದೇ ವರ್ಷ ತೀರಿಕೊಂಡಿದ್ದ, ಮುಂದೆ ಅವರು ಈ ಸಂಘದ ಅಧ್ಯಕ್ಷೆಯಾದರು. ಮಕ್ಕಳ ಭಾವಚಿತ್ರ ಹಿಡಿದು ಇವರು ಸಂಸತ್ತಿನ ಸಮಿತಿಗಳ ಮುಂದೆ, ಅಧಿಕಾರಿಗಳ ಕೋಣೆಗಳಲ್ಲಿ ಕುಳಿತರು. ಅತ್ತು ಬರಲಿಲ್ಲ. ಕಾನೂನು ಓದಿಕೊಂಡು ಹೋದರು. "ಕಲಬೆರಕೆ" ಎಂಬ ಒಂದು ಪದದ ಮೇಲೆ ಬೆರಳಿಟ್ಟರು. ಕಲಬೆರಕೆ ಮಾಂಸ ಮಾರುವುದು ಮೊದಲಿನಿಂದಲೂ ಅಪರಾಧ. ಓ157 ಇರುವ ಖೀಮಾವನ್ನು ಕಲಬೆರಕೆ ಎಂದು ಕರೆದರೆ ಸಾಕು, ಹೊಣೆ ಅಡುಗೆಮನೆಯಿಂದ ಕಾರ್ಖಾನೆಗೆ ದಾಟುತ್ತದೆ.

(ಪರದೆಯ ಮೇಲೆ: 29 ಸೆಪ್ಟೆಂಬರ್ 1994.)

ಮಾಂಸ ತಪಾಸಣಾ ಸಂಸ್ಥೆಯ ಹೊಸ ಮುಖ್ಯಸ್ಥ ಮೈಕೆಲ್ ಟೇಲರ್ ಆ ದಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಮಾಂಸೋದ್ಯಮಿಗಳ ಸಭೆಯಲ್ಲಿಯೇ ನಿಂತು ಅದನ್ನು ಹೇಳಿದರು. ಹಸಿ ಖೀಮಾದಲ್ಲಿ ಓ157 ಸಿಕ್ಕರೆ ಅದು ಕಲಬೆರಕೆ, ಮಾರುವಂತಿಲ್ಲ. ಟೇಲರ್ ಬೀಜ, ಕೃಷಿ ರಾಸಾಯನಿಕಗಳ ದೊಡ್ಡ ಕಂಪನಿ ಮಾನ್ಸಾಂಟೊ ಪರವಾಗಿಯೂ ಕೆಲಸ ಮಾಡಿದ ವಕೀಲರು, ಅವರ ಮೇಲೆ ಗುಮಾನಿ ಇಟ್ಟುಕೊಂಡವರು ಇಂದಿಗೂ ಇದ್ದಾರೆ. ಇರಲಿ, ಈ ಒಂದು ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಉದ್ಯಮದವರು ಕೋರ್ಟಿಗೆ ಹೋದರು, ಸೋತರು. 1996ರಲ್ಲಿ ಇನ್ನೊಂದು ನಿಯಮ ಬಂತು: ಅಪಾಯ ಎಲ್ಲಿ ಹುಟ್ಟಬಹುದೋ ಆ ಹಂತವನ್ನು ಕಾರ್ಖಾನೆಯೇ ಗುರುತಿಸಿ, ಅಳೆದು, ಬರೆದಿಡಬೇಕು. ಹ್ಯಾಸಪ್ ಎನ್ನುವ ಈ ಪದ್ಧತಿ ಹುಟ್ಟಿದ್ದು 1960ರ ದಶಕದಲ್ಲಿ, ನಾಸಾದ ಗಗನಯಾತ್ರಿಗಳ ಊಟಕ್ಕಾಗಿ. ಬಾಹ್ಯಾಕಾಶದಲ್ಲಿ ಭೇದಿ ಶುರುವಾದರೆ ಏನು ಗತಿ ಎಂದು ಒಮ್ಮೆ ಯೋಚಿಸಿ, ಎಷ್ಟು ಶ್ರದ್ಧೆಯಿಂದ ಮಾಡಿರಬೇಕು ಎಂದು ತಿಳಿಯುತ್ತದೆ.

ಮಾಂಸದ ಕಥೆ ಹೀಗಾದರೆ, ಉಳಿದ ಆಹಾರದ ಕಾನೂನು ಬದಲಾಗಲು ಇನ್ನೂ ಹದಿನೈದು ವರ್ಷ ಹಿಡಿಯಿತು. 2008–09ರಲ್ಲಿ ಒಂದು ಕಂಪನಿಯ ಕಡಲೆಕಾಯಿ ಪದಾರ್ಥಗಳಿಂದ ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹರಡಿ 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಒಂಬತ್ತು ಮಂದಿ ಸತ್ತರು. ಮತ್ತೆ ಕುಟುಂಬಗಳು ರಾಜಧಾನಿಗೆ ನಡೆದವು. 2011ರ ಜನವರಿ 4ರಂದು ಅಧ್ಯಕ್ಷ ಒಬಾಮ ಹೊಸ ಕಾಯ್ದೆಗೆ ಸಹಿ ಹಾಕಿದರು. ಅಪಾಯಕಾರಿ ಆಹಾರವನ್ನು ಹಿಂದಕ್ಕೆ ಪಡೆಯಿರಿ ಎಂದು ಆಜ್ಞೆ ಮಾಡುವ ಅಧಿಕಾರ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಸಿಕ್ಕಿದ್ದೇ ಆಗ. ಅಲ್ಲಿಯವರೆಗೆ ಬಹುಪಾಲು ಕೇಳಿಕೊಳ್ಳುವುದಷ್ಟೇ. ಕಡಲೆಕಾಯಿ ಕಂಪನಿಯ ಮಾಲೀಕನಿಗೆ 2015ರಲ್ಲಿ 28 ವರ್ಷ ಜೈಲಾಯಿತು.

(ದೃಶ್ಯ: ಸಂಜೆ, ರಸ್ತೆ ಬದಿಯ ಗೋಬಿ ಗಾಡಿ. ಬಾಣಲೆಯಿಂದ ಹೊಗೆ.)

ನಮ್ಮಲ್ಲಿ? 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಒಳ್ಳೆಯ ಕ್ರಮವೇ. ಆದರೆ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ಗಾಡಿಯ ಬಕೆಟ್ಟಿನ ನೀರು, ಅದೇ ಟವೆಲ್ಲು ಟಿವಿಗೆ ಬರುವುದಿಲ್ಲ.

ನಮಗೂ ಕಾನೂನಿದೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರ 40ನೆಯ ಕಲಮಿನಂತೆ ಯಾವುದೇ ಗ್ರಾಹಕ ಶುಲ್ಕ ಕೊಟ್ಟು ಆಹಾರವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದು ಷರತ್ತು, ಕೊಳ್ಳುವಾಗಲೇ ಮಾರುವವನಿಗೆ ವಿಷಯ ತಿಳಿಸಬೇಕು. "ಅಣ್ಣಾ, ಒಂದು ಪ್ಲೇಟ್ ಕೊಡಿ, ಇದನ್ನು ಲ್ಯಾಬಿಗೆ ಕಳುಹಿಸುತ್ತೇನೆ" ಎನ್ನಬೇಕು. ಹೇಳಿ ನೋಡಿ, ಆ ದಿನದ ಪ್ಲೇಟ್ ಜಿಲ್ಲೆಯಲ್ಲೇ ಅತ್ಯಂತ ಶುದ್ಧವಾಗಿರುತ್ತದೆ.

ನನ್ನ ಕಣ್ಣು ನಿಂತಿರುವುದು 35ನೆಯ ಕಲಮಿನ ಮೇಲೆ.

(ಪರದೆಯ ಮೇಲೆ: ಕಲಂ 35. ಆಹಾರ ವಿಷಬಾಧೆಯ ವರದಿ.)

ಒಂದು ಪ್ರದೇಶದ ವೈದ್ಯರು ತಮ್ಮ ಗಮನಕ್ಕೆ ಬಂದ ಎಲ್ಲ ಆಹಾರ ವಿಷಬಾಧೆ ಪ್ರಕರಣಗಳನ್ನೂ ಅಧಿಕಾರಿಗೆ ವರದಿ ಮಾಡಬೇಕು ಎಂದು ಆಹಾರ ಪ್ರಾಧಿಕಾರ ಅಧಿಸೂಚನೆ ಹೊರಡಿಸಬಹುದು. ಹೊರಡಿಸಬೇಕು ಎಂದಲ್ಲ, "ಹೊರಡಿಸಬಹುದು". ಹಾಸ್ಟೆಲಿನಲ್ಲಿ ನೂರು ಮಕ್ಕಳು ಒಟ್ಟಿಗೆ ಬಿದ್ದರೆ ನಮಗೆ ಕಾಣುತ್ತದೆ, ರೋಗ ಕಣ್ಗಾವಲಿನ ಪಟ್ಟಿಗೂ ಸೇರುತ್ತದೆ. ಒಂದೇ ಪನೀರು ತಿಂದ ಹತ್ತು ಮನೆಯವರು ಹತ್ತು ಕ್ಲಿನಿಕ್ಕಿಗೆ ಹೋದರೆ ಅದನ್ನು ಜೋಡಿಸುವವರು ಯಾರು? ನಾವು ಆಗ ಲಾಸ್ ವೇಗಸ್‌ನವರು. ನಿಮ್ಮ ಶಾಸಕರಿಗೆ, ಸಂಸದರಿಗೆ ಕಾಗದ ಬರೆಯುವ ಉತ್ಸಾಹವಿದ್ದರೆ ಆ "ಬಹುದು" ಎಂಬ ಮೂರಕ್ಷರದ ಬಗ್ಗೆ ಬರೆಯಿರಿ. ಒಂದೇ ಊಟ ಮಾಡಿದ ಇಬ್ಬರು ಬಿದ್ದರೆ ವೈದ್ಯರಿಗೆ ಹಾಗೆಂದೇ ಹೇಳಿ, ಮಲಪರೀಕ್ಷೆ ಬೇಕೇ ಎಂದು ಕೇಳಿ, ಉಳಿದ ಆಹಾರವನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ.

(ದೃಶ್ಯ: ಗೆರೆ ಎಳೆದ ನೋಟ್‌ಬುಕ್ಕಿನ ಒಂದು ಪುಟ, ಮೇಲಿನಿಂದ.)

ಇದನ್ನೆಲ್ಲ ಓದಿದ ಮೇಲೆ ನಾನು ಗೃಹಪ್ರವೇಶಕ್ಕೆ ಬಂದಿದ್ದವರಿಗೆಲ್ಲ ಫೋನ್ ಮಾಡಿದೆ. ಏನು ತಿಂದಿರಿ, ಯಾವಾಗ ತಿಂದಿರಿ, ಹೊಟ್ಟೆ ಕೆಟ್ಟಿತೇ? "ಈಗ ಯಾಕೆ ಕೆದಕುತ್ತೀಯೇ, ಅಡುಗೆಯವರು ನಮ್ಮವರೇ" ಎಂದು ದೊಡ್ಡಮ್ಮ ಗದರಿದರು. ಮಲಗಿದವರು 31 ಮಂದಿ. ಮಧ್ಯಾಹ್ನ ಉಂಡು ಹೊರಟವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ರಾತ್ರಿಯ ಪಂಕ್ತಿಯಲ್ಲಿ ಕುಳಿತು ಮೊಸರನ್ನ ಮುಟ್ಟದ ನಾಲ್ವರಿಗೂ ಆಗಿರಲಿಲ್ಲ. ಆ ಅನ್ನ ಬೆಳಿಗ್ಗೆ ಮಾಡಿದ್ದು, ಕೊಳದಪ್ಪಲೆಯಲ್ಲಿ ಮುಚ್ಚಿಟ್ಟು ರಾತ್ರಿ ಮೊಸರು ಕಲಸಿದ್ದು. ಬೆಂದ ಅನ್ನ ಹಾಗೆ ಬೆಚ್ಚಗೆ ಗಂಟೆಗಟ್ಟಲೆ ಉಳಿದರೆ, ಬೇಯಿಸಿದರೂ ಸಾಯದ ಬೀಜಾಣುಗಳು ಮೊಳೆತು ಬೆಳೆಯುತ್ತವೆ.

ಕೊನೆಗೆ ಅಡುಗೆಯವರಿಗೂ ಫೋನ್ ಮಾಡಿದೆ. ಜಗಳವಾದೀತು ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಮ್ಮಾ, ಅಂದೇ ಒಬ್ಬರಾದರೂ ಹೇಳಬಾರದಿತ್ತೇ?" ಎಂದರು. "ಮರುದಿನ ಇನ್ನೊಂದು ಮನೆಯ ನಾಮಕರಣಕ್ಕೂ ಹಾಗೆಯೇ ಮಾಡಿ ಬಡಿಸಿದೆ."