ಶೋಕಿಗೊಂದು ಹಳೇ ಟ್ರ್ಯಾಕ್ಟರ್

ಎಲ್ಲರಿಗೂ ಶರಣು ಶರಣಾರ್ಥಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇವತ್ತು ನಾನು ಮಾತಾಡೋದು ದುಡಿಯೋ ಟ್ರ್ಯಾಕ್ಟರ್ ಬಗ್ಗೆ ಅಲ್ಲ. ಇಪ್ಪತ್ತು ಮೂವತ್ತು ಎಕರೆ ಇದ್ದವರು, ಬಾಡಿಗೆ ಹೊಡೆಯೋರು ಹೊಸದನ್ನೇ ತಗೊಳ್ಳಲಿ, ಅವರಿಗೆ ಅದೇ ಸರಿ. ನನ್ನ ಮಾತು ಶೋಕಿ ಟ್ರ್ಯಾಕ್ಟರ್ ಬಗ್ಗೆ. ಮನೆ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಹಳೇ ಚಿಕ್ಕ ಟ್ರ್ಯಾಕ್ಟರ್ ಇರಬೇಕು, ಭಾನುವಾರ ಅದರ ಕೆಳಗೆ ಮಲಗಿ ನಟ್ಟು ತಿರುಗಿಸಬೇಕು, ಸಂಜೆ ಅದನ್ನು ಹೊಲದವರೆಗೆ ಓಡಿಸಿಕೊಂಡು ಹೋಗಿ ಬರಬೇಕು ಅನ್ನೋ ಹುಚ್ಚು ಕೆಲವರಿಗೆ ಇರುತ್ತದೆ. ನನಗಿದೆ.

ನಾನು ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವನು. ರಿಟೈರ್ ಆದ ಮೇಲೆ ಚಿತ್ತಾಪುರ ತಾಲೂಕಿನ ನಮ್ಮೂರಿಗೆ ಬಂದು ಕೂತೆ. ಕಾಗಿಣಾ ಹೊಳೆ ಕಡೆಗೆ ನಾಲ್ಕು ಎಕರೆ ಎರೆ ಹೊಲ ಇದೆ. ಮೂರು ಎಕರೆ ತೊಗರಿ, ಜೋಳ, ಅದನ್ನು ಪಾಲಿಗೆ ಕೊಟ್ಟಿದ್ದೇನೆ. ಉಳಿದ ಒಂದು ಎಕರೆಯಲ್ಲಿ ಮಾವು, ನಿಂಬೆ ಹಾಕಿಕೊಂಡಿದ್ದೇನೆ. ಇಷ್ಟಕ್ಕೆ ಟ್ರ್ಯಾಕ್ಟರ್ ಯಾಕೆ ಅಂತ ನೀವು ಕೇಳಬಹುದು. ನಮ್ಮ ಮನೆಯವರು ಆಗಲೇ ಕೇಳಿ ಆಗಿದೆ. "ಆಟಗಿ ಸಾಮಾನ ಮೊಮ್ಮಗಗ ಬೇಕಾಗ್ಯಾದೋ, ನಿಮಗ ಬೇಕಾಗ್ಯಾದೋ?" ಅಂದಿದ್ದರು. ನಾನು ಉತ್ತರ ಕೊಡಲಿಲ್ಲ.

ಮೊದಲ ಸಲ ಕೊಂಡಾಗ ಮೋಸ ಹೋದೆ. ಮೂವತ್ತೈದು ವರ್ಷ ಯಂತ್ರ ಬಿಚ್ಚಿ ಜೋಡಿಸಿದ ಕೈ ಇದು, ಆದರೂ ಮೋಸ ಹೋದೆ. ಯಾವ ಕಂಪನಿಯದು ಅಂತ ಹೇಳೋದಿಲ್ಲ, ಅದರಲ್ಲಿ ಕಂಪನಿ ತಪ್ಪೇನೂ ಇರಲಿಲ್ಲ. ರಸ್ತೆ ಬದಿಯ ಒಬ್ಬ ವ್ಯಾಪಾರಿ ಹತ್ತಿರ ಸಾಲಾಗಿ ನಿಂತಿದ್ದವು. ಅದರಲ್ಲಿ ಒಂದು ಮದುಮಗನ ಹಾಗೆ ಹೊಳೆಯುತ್ತಿತ್ತು. ಹೊಸ ಬಣ್ಣ, ಹೊಸ ಸೀಟು, ಗಾಲಿಗೆ ಕರಿ ಪಾಲಿಶ್. ಕೀಲಿ ತಿರುಗಿಸಿದ ತಕ್ಷಣ ಎಂಜಿನ್ ಶುರುವಾಯಿತು. ನಾನು ಅವತ್ತೇ ದುಡ್ಡು ಎಣಿಸಿಕೊಟ್ಟೆ. ಊರಿಗೆ ತಂದು ಮೂರನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಸುಮ್ನೆ ನರಳುತ್ತದೆ, ಹತ್ತಿಕೊಳ್ಳುವುದೇ ಇಲ್ಲ. ನಮ್ಮೂರ ಮಿಸ್ತ್ರಿ ಬಂದು ಒಂದು ಸುತ್ತು ಹಾಕಿ ಹೇಳಿದ, "ಕಾಕಾ, ಬಣ್ಣ ಎದ್ದು ನಿಂತದ, ಎಂಜಿನ್ ಮಕ್ಕೊಂಡದ." ವ್ಯಾಪಾರಿ ನಾನು ಹೋಗೋ ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿ ಇಟ್ಟಿದ್ದ. ಬಿಸಿ ಎಂಜಿನ್ ಎಂಥದಾದರೂ ಶುರುವಾಗುತ್ತದೆ, ಅಲ್ವಾ? ಕೈ ಇಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ಕೊನೆಗೆ ಅದನ್ನು ಗುಜರಿ ರೇಟಿಗಿಂತ ಸ್ವಲ್ಪ ಮೇಲೆ ಮಾರಿದೆ.

ಅವತ್ತಿನಿಂದ ನಾನು ಬಣ್ಣ ಹಚ್ಚಿದ ಹಳೇ ಟ್ರ್ಯಾಕ್ಟರ್ ಮುಟ್ಟುವುದಿಲ್ಲ. ತುಕ್ಕು ಹಿಡಿದ ಬಾನೆಟ್, ಹರಿದ ಸೀಟು, ಎಂಜಿನ್ ಮೇಲೆ ಹತ್ತು ವರ್ಷದ ಎಣ್ಣೆ ಧೂಳು ಕೂತಿದ್ದರೆ ನನಗೆ ಸಂತೋಷ. ಕೊಳೆ ಸುಳ್ಳು ಹೇಳುವುದಿಲ್ಲ. ಎಲ್ಲಿ ಎಣ್ಣೆ ಸೋರಿದೆ, ಎಲ್ಲಿ ವೆಲ್ಡಿಂಗ್ ಆಗಿದೆ, ಯಾವ ಬೋಲ್ಟು ಮೊನ್ನೆ ಮೊನ್ನೆ ಬಿಚ್ಚಿದ್ದಾರೆ, ಎಲ್ಲ ಅದರಲ್ಲೇ ಬರೆದಿರುತ್ತದೆ. ಬಣ್ಣ ನಾವೇ ಆಮೇಲೆ ಹೊಡೆದುಕೊಳ್ಳಬಹುದು, ಅದರಲ್ಲೇ ಅರ್ಧ ಮಜಾ ಇರೋದು.

ಈಗ ಯಾವುದನ್ನು ತಗೊಳ್ಳಬೇಕು ಅನ್ನೋ ಪ್ರಶ್ನೆ. ಇದಕ್ಕೆ ಎಲ್ಲರೂ ಕಂಪನಿ ಹೆಸರು ಹೇಳುತ್ತಾರೆ. ನಾನು ಹೇಳೋದು ಬೇರೆ. ಮೊದಲು ಮಿಸ್ತ್ರಿಯನ್ನು ಹುಡುಕಿ. ನಿಮ್ಮೂರ ಸುತ್ತ ಹತ್ತು ಹದಿನೈದು ಮೈಲಿಯಲ್ಲಿ ಹಳೇ ಟ್ರ್ಯಾಕ್ಟರ್ ಕೆಲಸ ಬಲ್ಲ ಮಿಸ್ತ್ರಿ ಯಾರಿದ್ದಾನೆ, ಅವನ ಕೈ ಯಾವುದರ ಮೇಲೆ ಕೂತಿದೆ ಅಂತ ಕೇಳಿ, ಅದನ್ನೇ ತಗೊಳ್ಳಿ. ಜಗತ್ತಿನಲ್ಲಿ ಅಪರೂಪದ್ದು ಅಂತ ಏನನ್ನೋ ತಂದು ನಿಲ್ಲಿಸಿದರೆ ಒಂದು ವಾಷರ್‌ಗೆ ಆರು ತಿಂಗಳು ಕಾಯಬೇಕಾಗುತ್ತದೆ. ನಿಂತ ಟ್ರ್ಯಾಕ್ಟರ್ ಮೇಲೆ ಕೋಳಿ ಕೂರುತ್ತವೆ, ಅಷ್ಟೇ.

ನಮ್ಮ ಕಡೆ ನೋಡಲು ಸಿಗೋ ಹಳೇ ಚಿಕ್ಕವು ನಾಲ್ಕೈದು ಜಾತಿಯವು. ಐಷರ್ ಎಲ್ಲರಿಗೂ ಗೊತ್ತು. ಇಂಡಿಯಾದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ ಅದು, 1959ರಲ್ಲಿ ಫರೀದಾಬಾದಿನಲ್ಲಿ ಜರ್ಮನಿಯವರ ಜೊತೆ ಸೇರಿ ಮಾಡಿದ್ದು. ಮುಂದೆ ಬಂದ ಒಂದೇ ಸಿಲಿಂಡರಿನ ಐಷರ್ ಇದೆಯಲ್ಲ, 25 ಎಚ್‌ಪಿಯದು, ಡುಗ್ ಡುಗ್ ಅಂತ ಅರ್ಧ ಊರಿಗೆ ಕೇಳಿಸುತ್ತದೆ. ಅದರಲ್ಲಿ ಗಾಳಿಯಿಂದ ತಣ್ಣಗಾಗೋ ಎಂಜಿನ್ನಿನದು ಹಳೇದು. ರೇಡಿಯೇಟರ್ ಇಲ್ಲ, ನೀರಿನ ಪಂಪಿಲ್ಲ, ಸೋರೋದಕ್ಕೆ ಏನೂ ಇಲ್ಲ. ಆದರೆ ಸಿಲಿಂಡರ್ ಸುತ್ತಲಿನ ರೆಕ್ಕೆಗಳಲ್ಲಿ ತೊಗರಿ ಹೊಟ್ಟು ಕೂತರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೇಗ ಕಾಯುತ್ತದೆ. ವಾರಕ್ಕೊಮ್ಮೆ ಬ್ರಷ್ ಹಿಡಿದು ಕೂರೋ ತಾಳ್ಮೆ ಇದ್ದರೆ ಶೋಕಿಗೆ ಇದಕ್ಕಿಂತ ಒಳ್ಳೇದು ಕಷ್ಟ.

ಸ್ವರಾಜ್ 724 ಇನ್ನೊಂದು. ಎರಡು ಸಿಲಿಂಡರ್. ಹೊರದೇಶದ ನಕಾಶೆ ಇಲ್ಲದೆ ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ರೂಪಿಸಿದ್ದು, 1974ರಲ್ಲಿ ಪಂಜಾಬಿನಲ್ಲಿ ತಯಾರಾಗೋಕೆ ಶುರುವಾಯಿತು. ಸಾಮಾನು ಈಗಲೂ ಸುಲಭ. ಬೆಂಗಳೂರಿನ ವಿಎಸ್‌ಟಿಯವರ ಮಿತ್ಸುಬಿಷಿ ಶಕ್ತಿ 18.5 ಎಚ್‌ಪಿಯದು, ತೋಟದ ಸಾಲಿನ ನಡುವೆ ತೂರಿಕೊಂಡು ಹೋಗುತ್ತದೆ. ಬರೀ ಗಿಡಗಳ ನಡುವಿನ ಕೆಲಸ ಇದ್ದರೆ ಅದೇ ಸಾಕು. ನೋಡೋಕೆ ಮಾತ್ರ ಹಳೇ ಟ್ರ್ಯಾಕ್ಟರಿನ ಗತ್ತು ಅದಕ್ಕಿಲ್ಲ. ಇದು ನನ್ನ ಅಭಿಪ್ರಾಯ, ಅದನ್ನು ಇಟ್ಟುಕೊಂಡವರು ಬೈಯಬೇಡಿ.

ನನಗೆ ಇಷ್ಟವಾಗಿದ್ದು ಎಚ್‌ಎಂಟಿ 2511. ಹರಿಯಾಣದ ಪಿಂಜೋರ್‌ನಲ್ಲಿ 1971ರಿಂದ ಮಾಡಿದ್ದು, ಮೂಲ ಜೆಕೊಸ್ಲೊವಾಕಿಯಾದ ಜೆಟರ್ ಅನ್ನೋ ಟ್ರ್ಯಾಕ್ಟರ್. 25 ಎಚ್‌ಪಿ, ಎರಡು ಸಿಲಿಂಡರ್. ನನ್ನ ಮದುವೆಯಲ್ಲಿ ಮಾವ ಕೊಟ್ಟಿದ್ದು ಎಚ್‌ಎಂಟಿ ವಾಚು, ಅದೇ ಕಂಪನಿಯ ಟ್ರ್ಯಾಕ್ಟರ್ ಮೇಲೆ ಅದೇ ವಾಚು ಕಟ್ಟಿಕೊಂಡು ಕೂರಬೇಕು ಅನ್ನೋದು ನನ್ನ ಆಸೆ, ಇದಕ್ಕೆ ಬುದ್ಧಿಯ ಕಾರಣ ಏನೂ ಇಲ್ಲ. ಆ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಅದಕ್ಕೇ ಕೆಲವರು ಹೆದರುತ್ತಾರೆ. ನಮ್ಮ ಮಿಸ್ತ್ರಿ ಹೆದರಲಿಲ್ಲ, ಅವನ ಅಪ್ಪ ಅದರಲ್ಲೇ ಕೆಲಸ ಕಲಿತವನು. ಹಾಗಾಗಿ ನಾನೂ ಹೆದರಲಿಲ್ಲ.

25 ಎಚ್‌ಪಿಯದು ಒಳ್ಳೇದು ಸಿಗದೇ ಹೋದರೆ ಹಳೇ ಮ್ಯಾಸಿ 1035 ನೋಡಿ. ಶೋಕಿಗೆ ಸ್ವಲ್ಪ ದೊಡ್ಡದೇ ಆಯಿತು, ಆದರೆ ಅದರ ಸಾಮಾನು ಕಲಬುರಗಿಯಲ್ಲೂ ಸಿಗುತ್ತದೆ, ಬೀದರಿನಲ್ಲೂ ಸಿಗುತ್ತದೆ. ಅದರ ವಂಶ ದೊಡ್ಡದು. ಹ್ಯಾರಿ ಫರ್ಗ್ಯೂಸನ್ ಅಂತ ಐರ್ಲೆಂಡಿನವನು. ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸುಮ್ನೆ ಸರಪಳಿ ಕಟ್ಟಿ ಎಳೆಯೋ ಕಾಲದಲ್ಲಿ, ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತಿತ್ತು. ಅವನು ಮೂರು ಕಡೆ ಹಿಡಿಯೋ ಕೊಂಡಿ ಮತ್ತು ಹೈಡ್ರಾಲಿಕ್ ಲಿಫ್ಟ್ ಸೇರಿಸಿ ಆ ಕಾಟ ತಪ್ಪಿಸಿದ. ಇವತ್ತು ಯಾವ ಟ್ರ್ಯಾಕ್ಟರ್ ಹಿಂದೆ ನೋಡಿದರೂ ಇರೋದು ಅದೇ. ಅವನ ಬೂದು ಬಣ್ಣದ ಚಿಕ್ಕ ಟ್ರ್ಯಾಕ್ಟರ್ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ 5 ಲಕ್ಷಕ್ಕಿಂತ ಜಾಸ್ತಿ ತಯಾರಾಯಿತು. ಅದರ ನಂತರದ್ದು ಮ್ಯಾಸಿ 35, ಅದರ ಮಗ ನಮ್ಮ ಚೆನ್ನೈನ ಟ್ಯಾಫೆ ಕಂಪನಿಯ 1035.

ನೋಡೋಕೆ ಹೋಗುವಾಗ ಬೆಳಿಗ್ಗೆ ಹೋಗಿ, ಹೇಳದೆ ಹೋಗಿ. ಮೊದಲು ಎಂಜಿನ್ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಮಾತ್ರ ಮುಂದಿನ ಮಾತು. ರೇಡಿಯೇಟರ್ ಇದ್ದರೆ ಮುಚ್ಚಳ ತೆಗೆದು ನೋಡಿ, ನೀರಿನ ಮೇಲೆ ಎಣ್ಣೆ ತೇಲಬಾರದು. ಆಯಿಲ್ ಕಡ್ಡಿ ಎಳೆದು ನೋಡಿ, ಎಣ್ಣೆ ಹಾಲಿನ ಚಹಾದ ಹಾಗಿದ್ದರೆ ಒಳಗೆ ನೀರು ಸೇರಿದೆ, ವಾಪಸ್ ಬನ್ನಿ. ಆಮೇಲೆ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ಶುರುವಿನಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ಕರಿ ಹೊಗೆ ಬಂದರೆ ನಾಝಲ್, ಪಂಪು ಕೆಲಸ ಅಥವಾ ಬರೀ ಏರ್ ಫಿಲ್ಟರ್ ಕಟ್ಟಿರುತ್ತದೆ. ನೀಲಿ ಹೊಗೆ ಬಿಡದೇ ಬರುತ್ತಿದ್ದರೆ ಎಂಜಿನ್ ಎಣ್ಣೆ ತಿನ್ನುತ್ತಿದೆ, ರಿಂಗು, ಸ್ಲೀವು, ಪಿಸ್ಟನ್ ಅಂತ ಹಾಫ್ ಎಂಜಿನ್ ಕೆಲಸಕ್ಕೆ ದುಡ್ಡು ಎತ್ತಿಡಬೇಕು. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕೋ ಮುಚ್ಚಳ ತೆಗೆದರೆ ಅಲ್ಲಿಂದ ಭುಸ್ ಭುಸ್ ಅಂತ ಹೊಗೆ ಬಂದರೂ ಅದೇ ಕಥೆ, ಮಿಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ.

ಲಿಫ್ಟ್ ನೋಡೋಕೆ ನನ್ನದೊಂದು ವಿಧಾನ ಇದೆ. ಕಲ್ಟಿವೇಟರ್ ಕಟ್ಟಿಸಿ ಮೇಲಕ್ಕೆ ಎತ್ತಿಸಿ, ಎಂಜಿನ್ ಬಂದ್ ಮಾಡಿಸಿ, ಚಹಾ ತರಿಸಿ. ಅವರು ಚಹಾ ತರಿಸದಿದ್ದರೆ ನೀವೇ ತರಿಸಿ. ಕುಡಿದು ಮುಗಿಸೋವರೆಗೆ ಕಲ್ಟಿವೇಟರ್ ಅಲ್ಲೇ ನಿಂತಿದ್ದರೆ ಲಿಫ್ಟ್ ಗಟ್ಟಿ ಇದೆ. ಕಪ್ಪು ಅರ್ಧ ಆಗೋದರಲ್ಲಿ ನೆಲಕ್ಕೆ ಕೂತರೆ ಒಳಗೆ ಸೀಲು ಹೋಗಿದೆ. ಇದೊಂದೇ ಕಾರಣಕ್ಕೆ ಬಿಡಬೇಕಾಗಿಲ್ಲ, ರೇಟು ಇಳಿಸಿ.

ಆದರೆ ಬಗ್ಗಿ ಹೊಟ್ಟೆ ನೋಡೋದನ್ನು ಮರೆಯಬೇಡಿ. ಇಂಥ ಟ್ರ್ಯಾಕ್ಟರಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬಿಗಿದು ಅದೇ ಬೆನ್ನುಮೂಳೆ ಆಗಿರುತ್ತದೆ. ತಾಕತ್ತಿಗಿಂತ ದೊಡ್ಡ ರೋಟಾವೇಟರ್ ಎಳೆಸಿದ್ದರೆ, ಮುಂದೆ ಡೋಜರ್ ಕಟ್ಟಿದ್ದರೆ ಹೌಸಿಂಗ್ ಬಿರುಕು ಬಿಟ್ಟಿರುತ್ತದೆ. ಅಲ್ಲಿ ವೆಲ್ಡಿಂಗ್ ಗೆರೆ ಕಂಡರೆ ಎಷ್ಟೇ ಅಗ್ಗ ಆದರೂ ಬೇಡ. ಶಹಾಪುರ, ಸುರಪುರ ಕಡೆಯಿಂದ ಬಂದಿದ್ದರೆ ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಕೇಜ್ ವ್ಹೀಲ್, ಅಂದರೆ ಕಬ್ಬಿಣದ ಪಂಜರದಂಥ ಗಾಲಿ ಹಾಕಿ ಓಡಿಸಿರಬಹುದು, ಹಿಂದಿನ ಆಕ್ಸಲ್ ಮತ್ತು ಬ್ರೇಕ್ ಒಳಗೆ ಕೆಸರು ನೀರು ಹೋಗಿದೆಯೋ ನೋಡಿಸಿ. ಟೈರು ಕೂಡ ಲೆಕ್ಕಕ್ಕೆ ತಗೊಳ್ಳಿ. ಹಿಂದಿನ ಜೋಡಿ ಹೊಸದು ಹಾಕೋಕೆ ಹೋದರೆ ಟ್ರ್ಯಾಕ್ಟರ್ ಕೊಂಡ ಖುಷಿ ಅಂಗಡಿಯಲ್ಲೇ ಇಳಿದುಹೋಗುತ್ತದೆ.

ಕಾಗದ ಪತ್ರದ ಮಾತು ಬೇಸರದ್ದು, ಬೇಗ ಮುಗಿಸುತ್ತೇನೆ. ಆರ್‌ಸಿಯ ಅವಧಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಬಹಳ ಹಳೇ ಟ್ರ್ಯಾಕ್ಟರುಗಳಲ್ಲಿ ಇದನ್ನು ಯಾರೂ ಮಾಡಿಸಿರುವುದಿಲ್ಲ, ಆರ್‌ಸಿಯಲ್ಲಿ ಅಜ್ಜನ ಹೆಸರಿರುತ್ತದೆ, ಮಾರೋನು ಮೊಮ್ಮಗ. ಹೆಸರು ಬದಲಾಯಿಸೋಕೆ ಫಾರಂ 29 ಮತ್ತು 30 ಬೇಕು. ಬೀದರಿನವರಿಗೆ ಪಕ್ಕದ ರಾಜ್ಯದ ಉದಗಿರ, ಜಹೀರಾಬಾದ್ ಕಡೆ ಅಗ್ಗಕ್ಕೆ ಸಿಗುತ್ತದೆ ಅಂತ ಆಸೆ ಇರುತ್ತದೆ. ತನ್ನಿ, ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಮ್ಮ ತಕರಾರಿಲ್ಲ ಅನ್ನೋ ಪತ್ರ ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಟ್ರ್ಯಾಕ್ಟರ್ ಮೈಮೇಲೆ ಕೊರೆದ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೊಂಡು ಆರ್‌ಸಿ ಜೊತೆ ಹೋಲಿಸಿ ನೋಡಿ.

ತಂದ ಮೇಲೆ ಅದರಿಂದ ಏನು ಕೇಳಬಹುದು, ಏನು ಕೇಳಬಾರದು ಅನ್ನೋದೂ ಇದೆ. 25 ಎಚ್‌ಪಿಗೆ ಐದು ಹಲ್ಲಿನ ಕಲ್ಟಿವೇಟರ್ ಸರಿ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಎರೆ ಹೊಲಕ್ಕೆ ಮಣ್ಣು ಮಗುಚೋ ಪಲ್ಟಿ ನೇಗಿಲು ಹಾಕಿ ಆಳ ಹೊಡೆಯಲು ಹೋದರೆ ಅದರ ಕಣ್ಣಲ್ಲಿ ನೀರು ಬರುತ್ತದೆ. ಬೀದರಿನ ಕೆಂಪು ಮಣ್ಣಿನಲ್ಲಿ ಇದೇ ಟ್ರ್ಯಾಕ್ಟರ್ ಆರಾಮಾಗಿ ಓಡಾಡುತ್ತದೆ. ಮಳೆ ಬಿದ್ದ ಎರಡು ದಿನ ಎರೆ ಹೊಲಕ್ಕೆ ಇಳಿಸಲೇಬೇಡಿ, ನಾನು ಇಳಿಸಿ ಪಕ್ಕದವರ ಎತ್ತು ಕಟ್ಟಿ ಎಳೆಸಿಕೊಂಡಿದ್ದೇನೆ. ಆ ಎತ್ತುಗಳ ಮಾಲೀಕ ಈಗಲೂ ಎದುರು ಸಿಕ್ಕರೆ ನಗುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡೋಕೆ ಹಿಂದೆ ತಿರುಗೋ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಒಂದು ಸೆಕೆಂಡಿಗೆ 9 ಸುತ್ತು. ಧೋತರದ ಅಂಚು, ಹೆಗಲ ಮೇಲಿನ ಟವಲ್, ಸೀರೆಯ ಸೆರಗು ಅದಕ್ಕೆ ಸಿಕ್ಕರೆ ಕೂಗೋಕೂ ಸಮಯ ಸಿಗುವುದಿಲ್ಲ. ಹಳೇ ಟ್ರ್ಯಾಕ್ಟರುಗಳಲ್ಲಿ ಅದರ ಮೇಲಿನ ಮುಚ್ಚಳ ಯಾವತ್ತೋ ಕಳೆದಿರುತ್ತದೆ. ಕೊಂಡ ದಿನವೇ ತಗಡು ಬಗ್ಗಿಸಿ ಒಂದು ಮಾಡಿಸಿ ಹಾಕಿ, ಬಣ್ಣ ಆಮೇಲೆ. ಹಾಗೆಯೇ ಏನನ್ನಾದರೂ ಎಳೆಯುವಾಗ ಸರಪಳಿಯನ್ನು ಕೆಳಗಿನ ಕೊಕ್ಕೆಗೇ ಕಟ್ಟಿ. ಮೇಲಿನ ಕೊಂಡಿಗೆ ಕಟ್ಟಿದರೆ ಫರ್ಗ್ಯೂಸನ್ ತಪ್ಪಿಸಿದ ಅಪಾಯವನ್ನು ನಾವೇ ವಾಪಸ್ ಕರೆದ ಹಾಗೆ.

ನನ್ನ 2511 ಈಗ ಶೆಡ್ಡಿನಲ್ಲಿದೆ. ಹೋದ ಎಳ್ಳಮಾಸ್ಯೆಗೆ ಮನೆಯವರು, ಮೊಮ್ಮಗ ಎಲ್ಲ ಹೊಲದಲ್ಲಿ ಚರಗ ಚೆಲ್ಲೋಕೆ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲೋಕೆ ಜೀಪಿನಲ್ಲಿ ಹೋದರು. ನಾನು ಸಜ್ಜೆ ರೊಟ್ಟಿ, ಭಜ್ಜಿ ಬುಟ್ಟಿ ಟ್ರ್ಯಾಕ್ಟರ್ ಹಿಂದೆ ಟ್ರಾಲಿಯಲ್ಲಿ ಕಟ್ಟಿಕೊಂಡು ನಿಧಾನಕ್ಕೆ ಹೋದೆ. ಊಟ ತಣ್ಣಗಾಯಿತು ಅಂತ ಬೈಸಿಕೊಂಡೆ, ಆದರೆ ವಾಪಸ್ ಬರುವಾಗ ಮನೆಯವರೇ ಬಂದು ಸ್ಟೀರಿಂಗ್ ಮುಟ್ಟಿ ನೋಡಿದರು.

ಈಗ ಒಂದೇ ಕೊರತೆ. ಅದರ ಟೂಲ್ ಬಾಕ್ಸಿಗೆ ಮುಚ್ಚಳ ಇಲ್ಲ. ಹೊಸದಾಗಿ ತಗಡಿನಲ್ಲಿ ಮಾಡಿಸಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ, ಮೂಲದ್ದೇ ಬೇಕು. ಯಾರದಾದರೂ ಹೊಲದ ಗುಡಿಸಲಿನಲ್ಲಿ, ಕೊಟ್ಟಿಗೆ ಮೂಲೆಯಲ್ಲಿ ಹಳೇ ಎಚ್‌ಎಂಟಿಯ ಮುಚ್ಚಳ ಬಿದ್ದಿದ್ದರೆ ದಯಮಾಡಿ ಗುಜರಿಗೆ ಹಾಕಬೇಡಿ. ಈ ಬಾನುಲಿ ಕೇಂದ್ರಕ್ಕೆ ಒಂದು ಕಾರ್ಡ್ ಬರೆಯಿರಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಟ್ರ್ಯಾಕ್ಟರ್ ಮೇಲೇ ಬರುತ್ತೇನೆ, ಸ್ವಲ್ಪ ತಡವಾಗಬಹುದು.

ಶರಣಾರ್ಥಿ.