ಕಾಫಿ ಹೂ ಬಿಟ್ಟು ಸಕುರಾ ಯಾಕೆ ಮಾರಾಯ?

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮಾತು.

ಮಾರ್ಚ್‌ನಲ್ಲಿ ಚಿಕ್ಕಮಗಳೂರಿನ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಟ್ಯಾಬ್‌ನಲ್ಲಿ ಚಿತ್ರ ಬರೆಯುತ್ತಾನೆ. ಹೈಕು (ಜಪಾನಿನ ಪುಟ್ಟ ಕವಿತೆ) ಓದಿ ಬರೆದದ್ದು ಅಂತ ಹೊಸ ಚಿತ್ರಗಳನ್ನು ತೋರಿಸಿದ. ಗುಲಾಬಿ ಬಣ್ಣದ ಸಕುರಾ (ಜಪಾನಿನ ಚೆರ್ರಿ ಹೂ), ಬಿದಿರು, ದೂರದಲ್ಲಿ ಫ್ಯೂಜಿ ಬೆಟ್ಟ (ಮುಳ್ಳಯ್ಯನಗಿರಿ ಇಲ್ಲೇ ಇದೆ, ಇರಲಿ ಬಿಡಿ), ತಂತ್ರಜ್ಞಾನ ಬೇಕಲ್ವಾ ಅಂತ ಒಂದು ರೋಬೋ ಕೈ. ಚೆನ್ನಾಗಿಯೇ ಇದ್ದವು. ಆದರೆ ಕಿಟಕಿಯಿಂದ ಕಾಫಿ ಹೂವಿನ ಘಮ ಬರುತ್ತಿತ್ತು, ಥೇಟ್ ಮಲ್ಲಿಗೆ. ಒಂದು ಚಿತ್ರದಲ್ಲೂ ಕಾಫಿ ಹೂ ಇಲ್ಲ.

ಹೈಕು ಅಂದರೆ ಜಪಾನಿನ ಹೂವಲ್ಲ. 5-7-5 ಅಂತ ಮೂರು ಭಾಗ, ಒಟ್ಟು 17 ಮಾತ್ರೆ. ಒಳಗೆ ‘ಕಿಗೊ’ ಅಂತ ಒಂದು ಪದ, ಯಾವ ಕಾಲ ಅಂತ ಹೇಳುವುದು ಅದರ ಕೆಲಸ. 1686ರಲ್ಲಿ ಜಪಾನಿನ ಕವಿ ಬಾಶೋ ಬರೆದ ಹೈಕು ನೋಡಿ: ಹಳೇ ಕೊಳ, ಕಪ್ಪೆ ಹಾರಿತು, ನೀರಿನ ಸದ್ದು. ಅಷ್ಟೇ. ಅಲ್ಲಿನ ಕವಿಗಳಿಗೆ ಕಪ್ಪೆ ಅಂದರೆ ವಸಂತ. ನಮಗೆ? ಜೂನ್ ತಿಂಗಳ ಜಡಿಮಳೆ! ಅದೇ ಕಪ್ಪೆಯನ್ನು ಇಲ್ಲಿಗೆ ತಂದರೆ ಕಾಲವೇ ಬದಲಾಯಿತು.

ನಮ್ಮ ಕಿಗೊ ಹೂಮಳೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಎಂಟ್ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಆಮೇಲೆ ನಾಲ್ಕು ದಿನ ಕಳೆಯುವುದರೊಳಗೆ ಬಾಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮಳೆ ಕೈಕೊಟ್ಟರೆ ರೊಬಸ್ಟಾ ತೋಟದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ರಾತ್ರಿಯೆಲ್ಲ ಡೀಸೆಲ್ ಎಂಜಿನ್ ಸದ್ದು. ಅಂದರೆ ವಸಂತವನ್ನೇ ಪಂಪ್ ಹೊಡೆದು ತರಿಸುತ್ತಿದ್ದೇವೆ. ಇದನ್ನು ಬಿಟ್ಟು ರೋಬೋ ಕೈ ಯಾಕೆ? ಸಕಲೇಶಪುರದ ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಅದಕ್ಕಿಂತ ಹೈಕು ಬೇಕಾ?

ಟ್ಯಾಬ್ ಮೇಲೆ ನನಗೇನೂ ಸಿಟ್ಟಿಲ್ಲ. ಜಪಾನಿನ ಚಿತ್ರಗಾರ ಹೊಕುಸಾಯ್ 1831ರ ಸುಮಾರಿಗೆ ಮಾಡಿದ ಆ ದೊಡ್ಡ ಅಲೆಯ ಚಿತ್ರದಲ್ಲಿರುವ ಪ್ರಶಿಯನ್ ನೀಲಿ ಬರ್ಲಿನ್‌ನಲ್ಲಿ ಹುಟ್ಟಿದ ರಾಸಾಯನಿಕ ಬಣ್ಣ, ಆ ಕಾಲಕ್ಕೆ ಅದೂ ಹೊಸ ಟೆಕ್ನಾಲಜಿಯೇ. ಈಗ ಟೋಕಿಯೋದ ಟೀಮ್‌ಲ್ಯಾಬ್ ಅನ್ನೋ ಕಲಾವಿದರ ತಂಡದವರು ಕಂಪ್ಯೂಟರ್‌ನಲ್ಲಿ ಗೋಡೆ ತುಂಬಾ ಹೂ ಅರಳಿಸುತ್ತಾರೆ, ಮುಟ್ಟಿದರೆ ಉದುರುತ್ತವೆ.

ತೊಂದರೆ ಇರುವುದು ಟ್ಯಾಬ್‌ನ ಲೇಯರ್‌ಗಳಲ್ಲಿ, ಅಂದರೆ ಚಿತ್ರದ ಮೇಲೆ ಚಿತ್ರ ಹಾಕುವ ಪದರಗಳಲ್ಲಿ. ಜಪಾನಿನ ಬುಸೊನ್ (1716–1784) ಕವಿಯೂ ಹೌದು, ಚಿತ್ರಗಾರನೂ ಹೌದು. ಹೈಕು, ಚಿತ್ರ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುತ್ತಿದ್ದ, ಅದಕ್ಕೆ ಹೈಗಾ ಅಂತಾರೆ. ನಾಲ್ಕು ಗೆರೆ, ಉಳಿದದ್ದು ಖಾಲಿ. ಶಾಯಿ ಬಿತ್ತೋ, ಬಿತ್ತು. ಟ್ಯಾಬ್‌ನಲ್ಲಾದರೆ ಎಷ್ಟು ಸಲ ಬೇಕಾದರೂ ಅಳಿಸಬಹುದು, ಒಂದರ ಮೇಲೊಂದು ಹಾಕುತ್ತಲೇ ಹೋಗಬಹುದು, ಖಾಲಿ ಜಾಗ ಕಂಡರೆ ಕೈ ಸುಮ್ನೆ ಕೂರುವುದಿಲ್ಲ.

ಇಷ್ಟೂ ಗೆಳೆಯನಿಗೇ ಹೇಳಿದೆ.

“ಬಿಳಿ ಹೂವನ್ನ ಬಿಳಿ ಹಾಳೆ ಮೇಲೆ ಹೆಂಗೆ ಬರೀಲಿ ಮಾರಾಯ?” ಅಂದ.

“ಎಲೆ ಬರಿ, ಕೊಂಬೆ ಬರಿ. ಹೂ ಬಿಟ್ಟುಬಿಡು.”

“ಬಿಟ್ಟ ಜಾಗಕ್ಕೆ ದುಡ್ಡು ಕೊಡೋರು ಯಾರು?”

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಕಾಫಿ ಕುಡಿದು ಬಂದೆ.